ತುಂಬೇ ಇಲ್ಲ ಅನ್ನುವ ಟ್ಯಾಂಕ್ ಮೊದಲ ವಾರವೇ ತುಂಬಿತ್ತು

ಪ್ರಶ್ನೆ: ಹಳ್ಳಿಯಲ್ಲಿರುವ ನಮ್ಮ ಮನೆ ಮಾರುತ್ತಿದ್ದೇವೆ. ಸೆಪ್ಟಿಕ್ ಟ್ಯಾಂಕ್ ತಪಾಸಣೆ ಆಗಲೇಬೇಕು ಅಂತ ಕೊಳ್ಳುವವರು ಹಟ ಹಿಡಿದಿದ್ದಾರೆ. ನಮ್ಮ ಟ್ಯಾಂಕ್ 20 ವರ್ಷದಲ್ಲಿ ಒಂದು ಸಲವೂ ತುಂಬಿಲ್ಲ, ಖಾಲಿ ಮಾಡಿಸುವ ಪ್ರಮೇಯವೇ ಬಂದಿಲ್ಲ. ಇಷ್ಟು ಚೆನ್ನಾಗಿರುವಾಗ ತಪಾಸಣೆ ಯಾಕೆ? ಕಾನೂನಿನಲ್ಲಿ ಕಡ್ಡಾಯವಾ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಊರು ಬೇರೆ, ವರ್ಷ ಬೇರೆ, ಆದರೆ ‘ಒಂದು ಸಲವೂ ತುಂಬಿಲ್ಲ’ ಅನ್ನುವ ಮಾತು ಮಾತ್ರ ಅದೇ. ಅದೂ ಹೆಮ್ಮೆಯಿಂದ!

ಕಾನೂನಿನ ಮಾತು ಚಿಕ್ಕದು, ಮೊದಲು ಮುಗಿಸಿಬಿಡೋಣ. ಮನೆ ಎಲ್ಲಿದೆಯೋ ಅಲ್ಲಿನ ನಿಯಮ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ‘ಟೈಟಲ್ 5’ ಅಂತ ಒಂದು ನಿಯಮ ಇದೆ. ಮಾರಾಟಕ್ಕೆ ಮುಂಚಿನ 2 ವರ್ಷದೊಳಗೆ ತಪಾಸಣೆ ಆಗಿರಬೇಕು, ವರ್ಷ ವರ್ಷ ಖಾಲಿ ಮಾಡಿಸಿದ ದಾಖಲೆ ಇದ್ದರೆ 3 ವರ್ಷ ಹಳೆಯ ವರದಿಯೂ ನಡೆಯುತ್ತದೆ. ಅಯೋವಾ ರಾಜ್ಯದಲ್ಲಿ 2009ರ ಜುಲೈನಿಂದ ಮನೆ ಕೈ ಬದಲಾಗುವಾಗ ತಪಾಸಣೆ ಕಡ್ಡಾಯ. ಇಂಗ್ಲೆಂಡಿನ ದಾರಿ ಬೇರೆ. ಅಲ್ಲಿ ಟ್ಯಾಂಕ್ ಎಲ್ಲಿದೆ, ಎಂಥದ್ದು, ಹೇಗೆ ನೋಡಿಕೊಳ್ಳಬೇಕು ಅನ್ನುವುದನ್ನೆಲ್ಲ ಮಾರುವವರು ಕೊಳ್ಳುವವರಿಗೆ ಬರೆದು ಕೊಡಬೇಕು. ಸೆಪ್ಟಿಕ್ ಟ್ಯಾಂಕಿನ ನೀರನ್ನು ನೇರ ಹಳ್ಳಕ್ಕೋ ಹೊಳೆಗೋ ಬಿಡುವ ಹಾಗೂ ಇಲ್ಲ, ಹಾಗೆ ಬಿಡುತ್ತಿದ್ದವರಿಗೆ 2020ರ ಜನವರಿ 1ರ ಗಡುವು ಇತ್ತು. ಇನ್ನೆಷ್ಟೋ ಕಡೆ ಮಾರಾಟಕ್ಕೆ ಅಂತ ಯಾವ ನಿಯಮವೂ ಇಲ್ಲ. ಅಲ್ಲಿ ಕೊಳ್ಳುವವರೇ ಬಾಯಿಬಿಟ್ಟು ಕೇಳಬೇಕು. ನಿಮ್ಮವರು ಕೇಳಿದ್ದಾರೆ, ಸರಿಯಾಗಿಯೇ ಕೇಳಿದ್ದಾರೆ.

ಈಗ ಆ ‘ತುಂಬಿಲ್ಲ’ದ ವಿಷಯಕ್ಕೆ ಬರೋಣ.

ಒಂದು ಸಣ್ಣ ಲೆಕ್ಕ ಹಾಕಿ. ಟ್ಯಾಂಕಿಗೆ 3,000 ಲೀಟರ್ ಹಿಡಿಯುತ್ತದೆ ಅಂದುಕೊಳ್ಳಿ. ಮನೆಯಿಂದ ದಿನಕ್ಕೆ 500 ಲೀಟರ್ ನೀರು ಅದಕ್ಕೆ ಹೋಗುತ್ತದೆ ಅಂದುಕೊಳ್ಳಿ. ಎಷ್ಟು ದಿನಕ್ಕೆ ತುಂಬುತ್ತದೆ? ಆರು ದಿನ. ಅಂದರೆ ನಿಮ್ಮ ಟ್ಯಾಂಕ್ ಗೃಹಪ್ರವೇಶ ಆದ ವಾರದಲ್ಲೇ ತುಂಬಿದೆ. ಅವತ್ತಿನಿಂದ ಇವತ್ತಿನವರೆಗೂ ತುಂಬಿಯೇ ಇರಬೇಕು. ಸೆಪ್ಟಿಕ್ ಟ್ಯಾಂಕ್ ಕೆಲಸ ಮಾಡುವುದೇ ತುಂಬಿದ ಮೇಲೆ, ತುಂಬದಿದ್ದರೆ ಅದು ಬರೀ ತೊಟ್ಟಿ.

ಒಳಗೆ ನಡೆಯುವುದು ಇಷ್ಟು. ಭಾರ ಇರುವುದು ತಳಕ್ಕೆ ಇಳಿದು ಹೂಳಾಗುತ್ತದೆ. ಜಿಡ್ಡು, ಎಣ್ಣೆ, ಸೋಪಿನ ಕೊಳೆ ಎಲ್ಲ ಮೇಲೆ ತೇಲಿ ದಪ್ಪ ಕೆನೆಯ ಹಾಗೆ ಕೂರುತ್ತದೆ. ನಡುವೆ ಇರುವುದು ಸ್ವಲ್ಪ ತಿಳಿಯಾದ ನೀರು. ಮನೆಯಿಂದ ಒಂದು ಬಕೆಟ್ ನೀರು ಒಳಗೆ ಬಂದರೆ ಆ ನಡುವಿನ ನೀರು ಒಂದು ಬಕೆಟ್ ಔಟ್‌ಲೆಟ್ ಪೈಪಿನಿಂದ ಆಚೆ ಹೋಗಿ ಇಂಗು ಗುಂಡಿಗೋ ಮಣ್ಣಿನಡಿಯ ತೂತಿನ ಪೈಪುಗಳಿಗೋ ಸೇರಿ ನೆಲಕ್ಕೆ ಇಂಗುತ್ತದೆ. ಹಾಗಾಗಿ ನೀರಿನ ಮಟ್ಟ ಯಾವಾಗಲೂ ಔಟ್‌ಲೆಟ್ ಪೈಪಿನ ಅಂಚಿಗೆ ನಿಂತಿರುತ್ತದೆ. ಏರಿಳಿಯುವುದು ಹೂಳಿನ ದಪ್ಪ. ಬ್ಯಾಕ್ಟೀರಿಯಾ ಅದನ್ನು ಕರಗಿಸುತ್ತವೆ, ನಿಜ, ಆದರೆ ಪೂರ್ತಿ ಅಲ್ಲ. ಕರಗದೆ ಉಳಿದದ್ದು ವರ್ಷದಿಂದ ವರ್ಷಕ್ಕೆ ಮೇಲೇರುತ್ತಲೇ ಇರುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸಾಮಾನ್ಯ ಮನೆಗೆ 3ರಿಂದ 5 ವರ್ಷಕ್ಕೊಮ್ಮೆ ಖಾಲಿ ಮಾಡಿಸಿ ಅನ್ನುವುದು ಇದಕ್ಕೇ.

ಹಾಗಾದರೆ 20 ವರ್ಷದ ಹೂಳು ಎಲ್ಲಿ ಹೋಯಿತು? ಇದನ್ನು ಕೇಳಿದರೆ ಎಲ್ಲರೂ ಒಂದು ಕ್ಷಣ ಸುಮ್ಮನಾಗುತ್ತಾರೆ. ಮಾಯ ಆಗಲಿಲ್ಲ ಅಲ್ವಾ? ತಳದಿಂದ ಔಟ್‌ಲೆಟ್ ತನಕ ಏರಿ, ಆಮೇಲೆ ನೀರಿನ ಜೊತೆ ಆಚೆ ಹರಿದು ಇಂಗು ಗುಂಡಿಯ ಮಣ್ಣಿಗೆ ಮೆತ್ತಿಕೊಂಡಿರಬಹುದು. ಮಣ್ಣಿನ ಸಂದುಗಳು ಒಂದೊಂದೇ ಮುಚ್ಚುತ್ತಾ ಬರುತ್ತವೆ, ನಿಮಗೆ ಮನೆಯೊಳಗೆ ಏನೂ ಗೊತ್ತಾಗುವುದಿಲ್ಲ, ಒಂದು ಮಳೆಗಾಲದಲ್ಲಿ ನೆಲ ನೆಂದು ಇನ್ನು ಒಂದು ತೊಟ್ಟೂ ಹೀರಲ್ಲ ಅಂದಾಗ ಕೊಳಚೆ ಬಚ್ಚಲಿನಲ್ಲಿ ಮೇಲೆ ಬರುತ್ತದೆ. ಆಗ ಗಾಡಿ ಕರೆಸಿ ಟ್ಯಾಂಕ್ ಖಾಲಿ ಮಾಡಿಸಿದರೆ ನಾಲ್ಕು ದಿನ ಸಮಾಧಾನ, ಅಷ್ಟೇ. ಕೆಟ್ಟಿರುವುದು ಮಣ್ಣು. ಖರ್ಚಿನ ದೊಡ್ಡ ಪಾಲು ಬರುವುದೂ ಅಲ್ಲೇ.

ಇನ್ನೊಂದು ಸಾಧ್ಯತೆ ನಿಮ್ಮದು ಟ್ಯಾಂಕೇ ಅಲ್ಲದಿರುವುದು. ಬೇಜಾರು ಮಾಡ್ಕೋಬೇಡಿ, ಇದು ಬಹಳ ಮಾಮೂಲು. ಸುತ್ತ ಗೋಡೆ ಕಟ್ಟಿ, ತಳಕ್ಕೆ ಕಾಂಕ್ರೀಟ್ ಹಾಕದೆ, ಮೇಲೆ ಚಪ್ಪಡಿ ಮುಚ್ಚಿ ಅದಕ್ಕೂ ಸೆಪ್ಟಿಕ್ ಟ್ಯಾಂಕ್ ಅಂತಲೇ ಹೆಸರಿಟ್ಟಿರುತ್ತಾರೆ. ಅದು ತುಂಬದಿರುವುದಕ್ಕೆ ಕಾರಣ, ಎಲ್ಲವೂ ತಳದಿಂದ ನೇರ ನೆಲಕ್ಕೆ ಹೋಗುತ್ತಿರುವುದು. ಗೋಡೆ ಬಿರುಕು ಬಿಟ್ಟ ಒಳ್ಳೆಯ ಟ್ಯಾಂಕಿನ ಕಥೆಯೂ ಇದೇ. ಮುಚ್ಚಳ ತೆಗೆದಾಗ ನೀರು ಔಟ್‌ಲೆಟ್‌ಗಿಂತ ಕೆಳಗಿದ್ದರೆ, ಈಚೆಗೆ ಖಾಲಿ ಮಾಡಿಸಿಲ್ಲ ಅಂದರೆ, ಸೋರುತ್ತಿದೆ ಅಂತ ಅನುಮಾನ ಪಡಬೇಕು. ಔಟ್‌ಲೆಟ್‌ಗಿಂತ ಮೇಲಿದ್ದರೆ ಆಚೆ ಹೋಗುವ ದಾರಿ ಕಟ್ಟಿದೆ, ಇಲ್ಲವೇ ನೆಲ ಹೀರುತ್ತಿಲ್ಲ. ಅಂಚಿಗೆ ಸರಿಯಾಗಿದ್ದರೆ ಮಾತ್ರ ನೆಮ್ಮದಿ. ಅಂದರೆ ನೀವು ಇಷ್ಟು ವರ್ಷ ಹೆಮ್ಮೆಯಿಂದ ಹೇಳಿಕೊಂಡ ‘ತುಂಬಿಲ್ಲ’ ಅನ್ನುವ ಮಾತು ತಪಾಸಣೆಗೆ ಬಂದವರ ಕಿವಿಗೆ ದೂರಿನ ಹಾಗೆ ಕೇಳುತ್ತದೆ.

ಹಾಗಂತ ಪದೇ ಪದೇ ಖಾಲಿ ಮಾಡಿಸುವುದೂ ಒಳ್ಳೆಯ ಲಕ್ಷಣ ಅಲ್ಲ. ಟೈಟಲ್ 5ರಲ್ಲಿ, ಪೈಪ್ ಕಟ್ಟಿದ್ದು ಕಾರಣ ಅಲ್ಲದೆ ಒಂದೇ ವರ್ಷದಲ್ಲಿ 4ಕ್ಕಿಂತ ಜಾಸ್ತಿ ಸಲ ಖಾಲಿ ಮಾಡಿಸಬೇಕಾಗಿ ಬಂದಿದ್ದರೆ ಆ ವ್ಯವಸ್ಥೆ ಫೇಲ್.

ಯೀಸ್ಟ್ ಹಾಕುತ್ತೇವೆ, ಪೌಡರ್ ಹಾಕುತ್ತೇವೆ, ಅದಕ್ಕೇ ಹೂಳಿಲ್ಲ ಅನ್ನುವವರಿಗೆ ಒಂದೇ ಸಾಲು: ಬೇಕಾದ ಬ್ಯಾಕ್ಟೀರಿಯಾ ನಿಮ್ಮ ಟಾಯ್ಲೆಟ್ಟಿನಿಂದಲೇ ದಿನಾ ಧಾರಾಳವಾಗಿ ಹೋಗುತ್ತಿವೆ.

ಈಗ ಮುಖ್ಯವಾದ ಒಂದು ಮಾತು. ಇಷ್ಟು ಓದಿ ಗಾಬರಿಯಾಗಿ ನಾಳೆಯೇ ಗಾಡಿ ಕರೆಸಿ, ತಪಾಸಣೆಯವರು ಬರುವ ಮುಂಚೆ ಎಲ್ಲ ಖಾಲಿ ಮಾಡಿಸಿ ತೊಳೆಸಿಟ್ಟುಬಿಡೋಣ ಅಂತ ಹೊರಡಬೇಡಿ. ನೆಂಟರು ಬರುವ ಮುಂಚೆ ಮನೆ ಗುಡಿಸಿದ ಹಾಗಲ್ಲ ಇದು. ಖಾಲಿ ಟ್ಯಾಂಕಿನಲ್ಲಿ ನೀರಿನ ಮಟ್ಟ ಎಲ್ಲಿತ್ತು, ಹೂಳು ಎಷ್ಟಿತ್ತು ಅಂತ ಯಾರಿಗೆ ಗೊತ್ತಾಗಬೇಕು? ಮೊದಲು ಅವರು ಮುಚ್ಚಳ ತೆಗೆದು ಮಟ್ಟ ನೋಡಲಿ, ಹೂಳು ಅಳೆಯಲಿ, ಆಮೇಲೆ ಅವರ ಎದುರಿಗೇ ಖಾಲಿ ಮಾಡಿಸಿ. ಖಾಲಿ ಮಾಡುವಾಗ ಔಟ್‌ಲೆಟ್ ಪೈಪಿನಿಂದ ನೀರು ವಾಪಸ್ ಟ್ಯಾಂಕಿಗೆ ಹರಿದು ಬಂತು ಅಂದರೆ ಆಚೆ ಗುಂಡಿ ತುಂಬಿ ನಿಂತಿದೆ ಅಂತ ಅರ್ಥ. ಒಂದೇ ನೋಟಕ್ಕೆ ಇಷ್ಟು ಹೇಳುವ ಗುರುತು ಇನ್ನೊಂದಿಲ್ಲ. ಖಾಲಿಯಾದ ಮೇಲೆ ಗೋಡೆಯ ಬಿರುಕು, ಔಟ್‌ಲೆಟ್ಟಿನ ‘T’ ಆಕಾರದ ಪೈಪ್ ಮುರಿದಿದೆಯಾ ಅನ್ನುವುದೂ ಕಾಣುತ್ತದೆ. ಎಲ್ಲವನ್ನೂ ಮೇಲಿನಿಂದಲೇ ನೋಡಬೇಕು. ಯಾರನ್ನೂ ಒಳಗೆ ಇಳಿಸಬೇಡಿ, ಖಾಲಿಯಾಗಿದ್ದರೂ ಸರಿ, ಎರಡೇ ನಿಮಿಷ ಅಂದರೂ ಸರಿ. ಒಳಗೆ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನ್ನುವ ವಿಷಾನಿಲ ಜಾಸ್ತಿ ಇದ್ದಾಗ ಮೂಗೇ ಮರಗಟ್ಟುತ್ತದೆ, ಹಾಗಾಗಿ ‘ವಾಸನೆ ಬರ್ತಿಲ್ಲ’ ಅನ್ನುವುದು ಯಾವ ಭರವಸೆಯೂ ಅಲ್ಲ.

ಮನೆ ಎಷ್ಟು ದಿನದಿಂದ ಖಾಲಿ ಇದೆ ಅನ್ನುವುದನ್ನೂ ತಪಾಸಣೆಯವರಿಗೆ ಹೇಳಿಬಿಡಿ. ಆರು ತಿಂಗಳು ಯಾರೂ ಇಲ್ಲದಿದ್ದರೆ ಕೆಟ್ಟ ಇಂಗು ಗುಂಡಿಯೂ ಒಣಗಿ ಸಾಧುವಾಗಿ ಕೂತಿರುತ್ತದೆ. ಒಂದು ದಿನ ನಲ್ಲಿ ಬಿಟ್ಟು ನೋಡಿದರೆ ಪಾಸ್. ಹೊಸ ಮನೆಯವರು ಬಂದು ಆರು ಜನ ಸ್ನಾನ ಮಾಡಿ, ಬಟ್ಟೆ ಒಗೆದ ಎರಡನೇ ವಾರಕ್ಕೆ ಬಣ್ಣ ಬಯಲು, ಆಮೇಲೆ ಜಗಳ.

ನೀವು ಕೇಳದಿದ್ದರೂ ಇನ್ನೊಂದು ಹೇಳುತ್ತೇನೆ. ಆ ಮನೆಯಲ್ಲಿ ಕುಡಿಯುವ ನೀರು ಎಲ್ಲಿಂದ? ಹಳ್ಳಿ ಮನೆ ಅಂದಮೇಲೆ ಬಾವಿಯೋ ಬೋರ್‌ವೆಲ್ಲೋ ಅದೇ ಹಿತ್ತಲಿನಲ್ಲಿ ಇರುವ ಸಾಧ್ಯತೆ ಜಾಸ್ತಿ. ಇಂಗು ಗುಂಡಿ ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್ ದೂರ ಇರಬೇಕು ಅನ್ನುತ್ತದೆ ಭಾರತದ ಐಎಸ್ 2470 ಮಾನಕ. ಮ್ಯಾಸಚೂಸೆಟ್ಸ್‌ನವರು ಖಾಸಗಿ ಬಾವಿಗೆ 100 ಅಡಿ ಕೇಳುತ್ತಾರೆ. ಟೇಪ್ ಹಿಡಿದು ಅಳೆದರೆ ಎಷ್ಟೋ ಹಿತ್ತಲುಗಳಲ್ಲಿ ಇದರ ಅರ್ಧವೂ ಸಿಗುವುದಿಲ್ಲ. ಟ್ಯಾಂಕ್ ತಪಾಸಣೆ ಅಂದರೆ ಟ್ಯಾಂಕ್ ತಪಾಸಣೆ, ಅದರಲ್ಲಿ ಬಾವಿ ನೀರಿನ ಪರೀಕ್ಷೆ ತಾನಾಗಿ ಸೇರಿರುವುದಿಲ್ಲ. ಬೇರೆ ಮಾಡಿಸಬೇಕು, ಮುಖ್ಯವಾಗಿ ಕೋಲಿಫಾರ್ಮ್ (ಕೊಳಚೆ ಸೇರಿರಬಹುದು ಅಂತ ಸೂಚಿಸುವ ಬ್ಯಾಕ್ಟೀರಿಯಾ) ಮತ್ತು ನೈಟ್ರೇಟ್ (ಕೊಳಚೆಯಿಂದ ನೀರಿಗೆ ಇಳಿಯುವ ಲವಣ). ನೀರು ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಜಾಸ್ತಿಯೇ ಆಗುತ್ತದೆ. ನೈಟ್ರೇಟಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 50 ಮಿಲಿಗ್ರಾಂ. ಅದು ದಾಟಿದ ನೀರಿನಲ್ಲಿ ಹಸುಗೂಸಿಗೆ ಹಾಲಿನ ಪುಡಿ ಕಲಸಿ ಕೊಟ್ಟರೆ ಮಗುವಿನ ರಕ್ತಕ್ಕೆ ಆಮ್ಲಜನಕ ಸಾಗಿಸುವ ಶಕ್ತಿ ಕುಗ್ಗಿ ಮೈ ನೀಲಿಗಟ್ಟುವ ಅಪಾಯ ಇದೆ. ಕೊಳ್ಳುವವರ ಮನೆಯಲ್ಲಿ ಕೂಸಿದೆಯಾ ಅಂತ ನೀವು ಕೇಳಬೇಕಾಗಿಲ್ಲ. ಟ್ಯಾಂಕಿನ ತಪಾಸಣೆ ಗೊತ್ತು ಮಾಡಿದ ವಾರದಲ್ಲೇ ಬಾವಿ ನೀರಿನ ಸ್ಯಾಂಪಲ್ಲನ್ನೂ ಲ್ಯಾಬಿಗೆ ಕಳಿಸಿ. ಬಾಟಲಿಯನ್ನು ಲ್ಯಾಬಿನವರಿಂದಲೇ ತನ್ನಿ, ಮನೆಯ ಹಳೇ ನೀರಿನ ಬಾಟಲಿ ಆಗುವುದಿಲ್ಲ.