ಬೇರಿನ ತುದಿಯಲ್ಲಿ ವಯಸ್ಸು ಓದುವುದು

ವಯಸ್ಸು ಅಂದಾಜಿಸಲು ಜನನ ದಾಖಲೆಯಿಲ್ಲದ ವ್ಯಕ್ತಿಯ ಓಪಿಜಿ (ಎರಡೂ ದವಡೆ ಒಂದೇ ಚಿತ್ರದಲ್ಲಿ ಕಾಣುವ) ಎಕ್ಸ್‌ರೇ ಮುಂದಿಟ್ಟುಕೊಂಡಾಗ ಯಾವ ಹಲ್ಲು ಹುಟ್ಟಿದೆ, ಯಾವುದು ಹುಟ್ಟಿಲ್ಲ ಎಂದು ಎಣಿಸುತ್ತ ಕೂರಬಾರದು. ಹಾಲುಹಲ್ಲನ್ನು ಬೇಗ ಕಿತ್ತಿದ್ದರೆ ಅಥವಾ ದವಡೆಯಲ್ಲಿ ಜಾಗ ಸಾಲದಿದ್ದರೆ ಹಲ್ಲು ಹುಟ್ಟುವ ಕಾಲ ಹಿಂದುಮುಂದಾಗುತ್ತದೆ. ದವಡೆಯೊಳಗೆ ಹಲ್ಲು ಗಟ್ಟಿಯಾಗುತ್ತ, ಬೇರು ಇಳಿಸುತ್ತ ಹೋಗುವ ಕ್ರಮ ಅಷ್ಟು ಸುಲಭವಾಗಿ ಏರುಪೇರಾಗದು. ನೋಡಬೇಕಾದದ್ದು ಅದನ್ನೇ.

ಮಕ್ಕಳಿಗೆ 1973ರ ಡೆಮಿರ್ಜಿಯನ್ ಪದ್ಧತಿ ಇಂದಿಗೂ ಬಳಕೆಯಲ್ಲಿದೆ. ಕೆಳದವಡೆಯ ಎಡಬದಿಯ ಏಳು ಕಾಯಂ ಹಲ್ಲುಗಳನ್ನು ಎ ಯಿಂದ ಎಚ್‌ವರೆಗಿನ ಎಂಟು ಹಂತಗಳಲ್ಲಿ ಗುರುತಿಸಿ, ಅಂಕ ಕೂಡಿಸಿ, ಮೊತ್ತವನ್ನು ಕೋಷ್ಟಕದಲ್ಲಿ ವಯಸ್ಸಿಗೆ ಹೊಂದಿಸಬೇಕು. ಹುಡುಗರಿಗೂ ಹುಡುಗಿಯರಿಗೂ ಕೋಷ್ಟಕ ಬೇರೆ. ಫ್ರೆಂಚ್ ಕೆನಡಿಯನ್ ಮಕ್ಕಳನ್ನು ನೋಡಿ ಕಟ್ಟಿದ್ದರಿಂದ ಬೇರೆ ಜನರಲ್ಲಿ ಇದು ಹಲವೊಮ್ಮೆ ವಯಸ್ಸನ್ನು ಹೆಚ್ಚಾಗಿ ತೋರಿಸುತ್ತದೆ. 2001ರಲ್ಲಿ ವಿಲೆಮ್ಸ್ ಬೆಲ್ಜಿಯಂ ಮಕ್ಕಳ ಆಧಾರದಲ್ಲಿ ಅಂಕಗಳನ್ನು ತಿದ್ದಿದ್ದು ಇದೇ ಕಾರಣಕ್ಕೆ. ಹೆಚ್ಚು ಎಡವುವುದು ಜಿ ಮತ್ತು ಎಚ್ ನಡುವೆ. ಜಿ ಹಂತದಲ್ಲಿ ಬೇರಿನ ನಾಳದ ಗೋಡೆಗಳು ಸಮಾನಾಂತರವಾಗಿದ್ದು ತುದಿ ಇನ್ನೂ ತೆರೆದಿರುತ್ತದೆ. ಎಚ್ ಎನ್ನಲು ತುದಿ ಮುಚ್ಚಿದ್ದರೆ ಸಾಲದು, ಬೇರಿನ ಸುತ್ತಲ ಕಪ್ಪು ಗೆರೆ ತುದಿಯಲ್ಲೂ ಒಂದೇ ಅಗಲಕ್ಕಿರಬೇಕು.

ಹದಿನಾರರ ಆಸುಪಾಸಿನಲ್ಲಿ ಉಳಿದ ಹಲ್ಲುಗಳ ಬೇರು ಮುಗಿದಿರುತ್ತದೆ. ಆಮೇಲೆ ಉಳಿಯುವುದು ಬುದ್ಧಿಹಲ್ಲು ಒಂದೇ, ಕೆಲವರಿಗೆ ಅದೂ ಇರುವುದಿಲ್ಲ. ಹದಿನೆಂಟು ತುಂಬಿದೆಯೇ ಎಂಬ ಪ್ರಶ್ನೆಗೆ 2008ರಲ್ಲಿ ಕ್ಯಾಮೆರಿಯೆರೆ ಮತ್ತು ಸಂಗಡಿಗರು ಒಂದು ಸೂಚ್ಯಂಕ ಕೊಟ್ಟರು: ಕೆಳಗಿನ ಬುದ್ಧಿಹಲ್ಲಿನ ಬೇರುಗಳ ತೆರೆದ ತುದಿಗಳ ಒಳ ಅಗಲವನ್ನು ಕೂಡಿಸಿ ಹಲ್ಲಿನ ಪೂರ್ತಿ ಉದ್ದದಿಂದ ಭಾಗಿಸುವುದು. ಉತ್ತರ 0.08ಕ್ಕಿಂತ ಕಡಿಮೆಯಾದರೆ ವಯಸ್ಕ, ಇಲ್ಲವಾದರೆ ಅಪ್ರಾಪ್ತ.

ಲೆಕ್ಕ ಸರಳ, ಅಳತೆ ಸರಳವಲ್ಲ. ಒಂದು ತುದಿ 0.9, ಇನ್ನೊಂದು 0.8 ಮಿ.ಮೀ., ಹಲ್ಲಿನ ಉದ್ದ 20 ಮಿ.ಮೀ. ಎಂದಿಟ್ಟುಕೊಳ್ಳಿ. 1.7ನ್ನು 20ರಿಂದ ಭಾಗಿಸಿದರೆ 0.085, ಅಪ್ರಾಪ್ತ. ಕರ್ಸರ್ ಪ್ರತಿ ತುದಿಯಲ್ಲಿ 0.1 ಮಿ.ಮೀ. ಒಳಸರಿದರೆ 0.075, ವಯಸ್ಕ. ಕೂದಲೆಳೆಯಷ್ಟು ಅಂತರಕ್ಕೆ ಹದಿನೇಳರ ಹುಡುಗನೊಬ್ಬ ಮಕ್ಕಳಿಗಿರುವ ಕಾನೂನಿನ ರಕ್ಷಣೆ ಕಳೆದುಕೊಳ್ಳಬಹುದು. ಆದ್ದರಿಂದ ಗಡಿಯ ಹತ್ತಿರದ ಅಳತೆಯನ್ನು ಇಬ್ಬರು ಬೇರೆಬೇರೆಯಾಗಿ, ಹೇಳಿಕೊಂಡ ವಯಸ್ಸು ತಿಳಿಯದೆ ಮಾಡಲೇಬೇಕು. ಕೆಲವು ವಾರ ಬಿಟ್ಟು ಮತ್ತೊಮ್ಮೆ ಅಳೆಯಬೇಕು.

ಅನುಪಾತವಾದ್ದರಿಂದ ಚಿತ್ರ ಎಲ್ಲ ದಿಕ್ಕಿಗೂ ಒಂದೇ ಸಮನೆ ದೊಡ್ಡದಾಗಿ ಬಂದರೆ ಬಾಧಕವಿಲ್ಲ, ಹಲ್ಲು ವಾಲಿದ್ದರೆ ಮಾತ್ರ ಬಾಧಕವಿದೆ. ಕೆನ್ನೆಯ ಕಡೆಗೋ ನಾಲಿಗೆಯ ಕಡೆಗೋ ವಾಲಿ 20 ಮಿ.ಮೀ. ಉದ್ದ 17 ಆಗಿ ಕಂಡರೆ, 1.5ರ ಅಗಲವೇ 0.088 ಆಗಿ ವಯಸ್ಕ ಅಪ್ರಾಪ್ತನಾಗುತ್ತಾನೆ. ಕೆಳದವಡೆಯ ನರದ ಕಾಲುವೆಯ ನೆರಳು ತುದಿಯ ಮೇಲೆ ಬಿದ್ದರೆ ತುದಿ ಸರಿಯಾಗಿ ಓದಲು ಸಿಗುವುದೇ ಇಲ್ಲ. ಅಂಥಲ್ಲಿ ಹಲ್ಲನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ನೆರವಾಗುತ್ತದೆ, ಆದರೆ 0.4 ಮಿ.ಮೀ. ವಾಕ್ಸೆಲ್‌ನಲ್ಲಿ (ಚಿತ್ರದ ಅತಿ ಚಿಕ್ಕ ಘನ ತುಣುಕು) ತೆಗೆದದ್ದಾದರೆ 0.1ರ ವ್ಯತ್ಯಾಸ ಅದರೊಳಗೇ ಮುಳುಗಿಹೋಗುತ್ತದೆ. ಓಪಿಜಿಗೆಂದು ಕಟ್ಟಿದ 0.08ರ ಗಡಿಯನ್ನು ಸಿಬಿಸಿಟಿಯ ಸ್ಲೈಸ್‌ಗೆ ಪರೀಕ್ಷಿಸದೆ ಹಚ್ಚುವುದೂ ತಪ್ಪು. ಬೇರಿನ ತುದಿ ಮುಚ್ಚಿದ್ದರೆ ಹಲ್ಲನ್ನೇ ನಂಬದೆ ಕೈಯ ಎಲುಬು, ಕೊರಳೆಲುಬಿನ (ಕಾಲರ್ ಬೋನ್) ಒಳತುದಿಯ ಸಿಟಿಯನ್ನೂ ಸೇರಿಸಿ ನೋಡಬೇಕು.

ವಯಸ್ಕರಲ್ಲಿ ಓದುವುದು ಹಲ್ಲಿನೊಳಗೆ ನರ, ರಕ್ತನಾಳಗಳಿರುವ ಪಲ್ಪ್ ಕೋಣೆಯನ್ನು. ವರ್ಷ ಕಳೆದಂತೆ ಒಳಗೆ ಡೆಂಟಿನ್ (ಎನಾಮೆಲ್ ಕೆಳಗಿನ ಗಟ್ಟಿ ಪದರ) ಕೂಡಿ ಕೋಣೆ ಕಿರಿದಾಗುತ್ತದೆ. ಒಂಟಿ ಬೇರಿನ, ಬೇಗ ಬೀಳದ ಕೋರೆಹಲ್ಲು ಇದಕ್ಕೆ ಅನುಕೂಲ. ಹುಳುಕು, ಫಿಲ್ಲಿಂಗ್, ಕ್ಯಾಪ್, ರೂಟ್ ಕೆನಾಲ್, ವಿಪರೀತ ಸವೆತ, ಪಲ್ಪ್ ಕಲ್ಲು ಇರುವ ಹಲ್ಲನ್ನು ಕೈಬಿಡಬೇಕು: ಇವು ಡೆಂಟಿನ್ ಕಟ್ಟುವ ವೇಗವನ್ನೋ ಪಲ್ಪ್‌ನ ಆಕಾರವನ್ನೋ ಕೆಡಿಸಿರುತ್ತವೆ. ಇಷ್ಟೆಲ್ಲ ಜತನ ಮಾಡಿದರೂ ಹತ್ತು ವರ್ಷದಷ್ಟು ಆಚೀಚೆಯಾಗುವುದುಂಟು. ವರದಿಯಲ್ಲಿ ‘42 ವರ್ಷ’ ಎಂದು ಒಂದೇ ಅಂಕಿ ಬರೆಯದೆ, ಬಳಸಿದ ಪದ್ಧತಿ, ಓದಿದ ಹಲ್ಲು, ಕನಿಷ್ಠ ಮತ್ತು ಗರಿಷ್ಠ ವಯಸ್ಸು ಮೂರನ್ನೂ ಬರೆಯಬೇಕು.