ಕಮಿಷನ್ ಶಾಲೆಗೆ ಕೊಟ್ಟರೂ ಆದಾಯ ನಿಮ್ಮದೇ

ಜುಲೈ ಬಂದರೆ, ತೆರಿಗೆ ರಿಟರ್ನ್ ತುಂಬುವ ನನ್ನ ಟೇಬಲ್ ಮೇಲೆ ಒಂದೇ ಬಗೆಯ ರಸೀದಿ ಬರುತ್ತದೆ. ಯಾವುದೋ ಟ್ರಸ್ಟಿಗೆ ಕೊಟ್ಟ ದಾನದ್ದು. ತಂದವರು ಬ್ರೋಕರ್, ರಸೀದಿಯಲ್ಲಿರುವುದು ಸೈಟು ಕೊಂಡವರ ಹೆಸರು. "ಸಾರ್, ಈ ಕಮಿಷನ್ ದುಡ್ಡು ನನ್ನ ಕೈಗೇ ಬಂದಿಲ್ಲ. ಇದಕ್ಕೂ ಟ್ಯಾಕ್ಸಾ?" ಅಂತ ಕೇಳುತ್ತಾರೆ. ಹೌದು, ಇದಕ್ಕೂ ಟ್ಯಾಕ್ಸ್.

ನನ್ನ ಹತ್ತಿರ ಬರುವ ಒಬ್ಬ ಹಿರಿಯ ಬ್ರೋಕರ್ ಇದ್ದಾರೆ. ಷರಟಿನ ಜೇಬಿನಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಡೈರಿ, ಎಲ್ಲ ವ್ಯವಹಾರವೂ ಅದರಲ್ಲೇ. 60 ಲಕ್ಷದ ಸೈಟು ಕುದುರಿಸಿದರು. ಶೇಕಡಾ 2 ಅಂದರೆ 1,20,000 ರೂಪಾಯಿ ಬರಬೇಕಿತ್ತು. ನೋಂದಣಿ ಮುಗಿದ ದಿನ ಕೊಂಡವರಿಗೆ, "ನನಗೆ ಬೇಡ ಸ್ವಾಮಿ, ನಾನು ಓದಿದ ಶಾಲೆಯ ಟ್ರಸ್ಟಿಗೆ ಚೆಕ್ ಬರೆದುಬಿಡಿ" ಅಂದರು. ಡೈರಿಯಲ್ಲಿ ಆ ದಿನದ ಪುಟದಲ್ಲಿ ಬರೆದಿದ್ದು ಎರಡೇ ಪದ: "ಶಾಲೆ ಶೀಟು". ಮಳೆಗಾಲದಲ್ಲಿ ಸೋರುತ್ತಿದ್ದ ಕೋಣೆಗೆ ಹೊಸ ಶೀಟು ಹಾಕಿಸಿದರಂತೆ. ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ ಹೇಳಿ?

ಆದರೆ ಲೆಕ್ಕ ಕೆಟ್ಟಿತು. ಕೊಂಡವರು ಆ ರಸೀದಿ ಇಟ್ಟುಕೊಂಡು 80ಜಿ ಕಡಿತ, ಅಂದರೆ ದಾನಕ್ಕಾಗಿ ಆದಾಯದಲ್ಲಿ ಸಿಗುವ ತೆರಿಗೆ ರಿಯಾಯಿತಿ, ಪಡೆದರು. ಬ್ರೋಕರ್ ತಮ್ಮ ಆದಾಯದಲ್ಲಿ ಅದನ್ನು ತೋರಿಸಲೇ ಇಲ್ಲ. ಇಬ್ಬರದೂ ತಪ್ಪು.

ಜನರಿಗೆ ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ವಿಷಯ ಒಂದೇ. ಕೆಲಸ ಮುಗಿದು ಕಮಿಷನ್ ನಿಮಗೆ ಸಲ್ಲಬೇಕಾದ ಗಳಿಗೆಯಲ್ಲೇ ಅದು ನಿಮ್ಮ ಆದಾಯ. ಆಮೇಲೆ ನೀವು ಅದನ್ನು ಮಗಳ ಫೀಸಿಗೆ ಕೊಡಿ, ಶಾಲೆಗೆ ಕೊಡಿ, ಅದು ನಿಮ್ಮ ಆದಾಯವನ್ನು ನೀವು ಖರ್ಚು ಮಾಡಿದ ಹಾಗೆ. ಚೆಕ್ಕಿನ ಮೇಲೆ ಯಾರ ಹೆಸರಿದೆ ಅನ್ನುವುದರಿಂದ ಇದು ಬದಲಾಗುವುದಿಲ್ಲ. 1960ರಲ್ಲಿ ಸೀತಲದಾಸ್ ತೀರಥದಾಸ್ ಎಂಬ ತೆರಿಗೆದಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದೇ ತತ್ವ. ಹೆಂಡತಿ ಮಕ್ಕಳಿಗೆ ಜೀವನಾಂಶ ಕೊಡಬೇಕು ಅಂತ ಆತನ ಮೇಲೆ ಕೋರ್ಟ್ ಡಿಕ್ರಿಯೇ ಇತ್ತು. ಆದರೂ ಆ ದುಡ್ಡು ಮೊದಲು ಆತನ ಆದಾಯ, ಆಮೇಲೆ ಜೀವನಾಂಶ ಅಂತ ತೀರ್ಪಾಯಿತು. ಕೋರ್ಟ್ ಕಟ್ಟುಪಾಡಿನಿಂದ ಕೊಟ್ಟಿದ್ದೇ ಹಾಗಾದರೆ, ನಾವು ಮನಸಾರೆ ಕೊಟ್ಟಿದ್ದರ ಮಾತೇನು?

ಕೊಂಡವರ ಕಡೆಯಿಂದ ನೋಡಿ. ಅವರು ದಾನ ಮಾಡಲಿಲ್ಲ, ಬ್ರೋಕರಿಗೆ ಕೊಡಬೇಕಿದ್ದನ್ನು ತೀರಿಸಿದರು. ಅದು ಸೈಟಿನ ಖರೀದಿ ವೆಚ್ಚಕ್ಕೆ ಸೇರಬೇಕು. ನಾಳೆ ಸೈಟು ಮಾರುವಾಗ ಅದು ಅವರಿಗೇ ಅನುಕೂಲ.

ಸರಿಯಾದ ದಾರಿ ಕಷ್ಟದ್ದೇನಲ್ಲ. ಕಮಿಷನ್ ನಿಮ್ಮ ಖಾತೆಗೆ ಬರಲಿ. ಅಲ್ಲಿಂದ ನೀವು ಟ್ರಸ್ಟಿಗೆ ಕೊಡಿ. ರಸೀದಿ ನಿಮ್ಮ ಪ್ಯಾನ್ ಮೇಲೆ ಆಗಲಿ, ಟ್ರಸ್ಟಿನಿಂದ ದಾನದ ಪ್ರಮಾಣಪತ್ರ (10ಬಿಇ) ಕೇಳಿ ಪಡೆಯಿರಿ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಕಡಿತ ಇಲ್ಲ. ಊರಿನ ದೇವಸ್ಥಾನದ ರಸೀದಿಯೂ ಸಾಮಾನ್ಯವಾಗಿ ನಡೆಯುವುದಿಲ್ಲ.

ಹೀಗೆ ಮಾಡಿದರೂ ಕೊಟ್ಟಿದ್ದೆಲ್ಲ ಕಳೆಯುತ್ತದೆ ಅಂದುಕೊಳ್ಳಬೇಡಿ. ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಈ ಕಡಿತವೇ ಇಲ್ಲ. ಹಳೆಯದರಲ್ಲಿ, ಇಂಥ ಟ್ರಸ್ಟುಗಳಿಗೆ ಕೊಟ್ಟರೆ ಆದಾಯದ ಶೇಕಡಾ 10ರವರೆಗಿನ ದಾನ ಮಾತ್ರ ಲೆಕ್ಕಕ್ಕೆ, ಅದರಲ್ಲೂ ಅರ್ಧಕ್ಕಷ್ಟೇ ಕಡಿತ. ಬೇರೆ ಯಾವ ಕಡಿತವೂ ಇಲ್ಲದೆ ವರ್ಷಕ್ಕೆ 6 ಲಕ್ಷ ಆದಾಯ ಇದ್ದವರು 1,20,000 ಕೊಟ್ಟರೆ ಸಿಗುವ ಕಡಿತ ಬರೀ 30,000. ತೆರಿಗೆ ಉಳಿಯುತ್ತದೆ ಅಂತ ಕೊಡುವವರು ಮೊದಲು ಈ ಲೆಕ್ಕ ಹಾಕಿ.

ಇನ್ನೊಂದು ದಾರಿಯೂ ಇದೆ. ವ್ಯವಹಾರ ಕುದುರುವ ಮೊದಲೇ "ನಾನು ಶೇಕಡಾ 1 ಮಾತ್ರ ತಗೊಳ್ತೀನಿ" ಅಂತ ಬರವಣಿಗೆಯಲ್ಲಿ ಒಪ್ಪಿಕೊಳ್ಳಿ. ಉಳಿದ ದುಡ್ಡು ಕೊಂಡವರದ್ದೇ. ಅವರು ತಮ್ಮ ಇಷ್ಟದಂತೆ ಶಾಲೆಗೆ ಕೊಟ್ಟರೆ ಅದು ಅವರ ದಾನ. ಆದರೆ ಕೊಡಲೇಬೇಕು ಅಂತ ಷರತ್ತು ಹಾಕಿದರೆ ಕಥೆ ಬೇರೆಯಾಗಬಹುದು. ಒಬ್ಬೊಬ್ಬರ ಕಾಗದ ಒಂದೊಂದು ಥರ ಇರುತ್ತದೆ, ಸಹಿ ಹಾಕುವ ಮುಂಚೆ ನಿಮ್ಮ ಆಡಿಟರಿಗೆ ತೋರಿಸಿ.

ಬಿಲ್ಡರುಗಳ ರೆಫರಲ್ ದುಡ್ಡೂ ಇದೇ ಜಾತಿಯದು. ಸ್ನೇಹಿತನಿಗೆ ಫ್ಲ್ಯಾಟ್ ಕೊಡಿಸಿದಿರಿ, ಬಿಲ್ಡರ್ ಕೊಡುವುದನ್ನು ಅನಾಥಾಶ್ರಮಕ್ಕೆ ಕಳಿಸಿ ಅಂದಿರಿ. ಬಿಲ್ಡರ್ ನಿಮ್ಮ ಪ್ಯಾನ್ ಮೇಲೆ ಟಿಡಿಎಸ್, ಅಂದರೆ ಮೂಲದಲ್ಲೇ ಕಡಿದ ತೆರಿಗೆ, ಕಟ್ಟಿದರೆ ಅದು ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್‌ನಲ್ಲಿ ಕಾಣುತ್ತದೆ. ನೀವು ತೋರಿಸದಿದ್ದರೆ ನೋಟಿಸ್ ಬರಬಹುದು. ಪದೇ ಪದೇ ಗಿರಾಕಿ ಕರೆತಂದು ದುಡ್ಡು ಪಡೆಯುವವರು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕಾ ಅಂತಲೂ ವಕೀಲರನ್ನು ಕೇಳಿ. ನೋಂದಣಿ ಇಲ್ಲದ ಏಜೆಂಟರಿಗೆ 2016ರ ರೇರಾ ಕಾಯ್ದೆಯಲ್ಲಿ ದಿನಕ್ಕೆ 10,000 ರೂಪಾಯಿ ದಂಡ ಇದೆ.

ನಮ್ಮ ಬ್ರೋಕರ್ ಯಜಮಾನರ ರಿಟರ್ನಿನಲ್ಲಿ 1,20,000 ಪೂರ್ತಿ ಆದಾಯ ಅಂತ ತೋರಿಸಿದೆವು. ರಸೀದಿ ಅವರ ಹೆಸರಲ್ಲಿ ಇರಲಿಲ್ಲವಾದ್ದರಿಂದ ಒಂದು ರೂಪಾಯಿ ಕಡಿತವೂ ಸಿಗಲಿಲ್ಲ. ಕೊಂಡವರು ಪರಿಷ್ಕೃತ ರಿಟರ್ನ್ ಹಾಕಿದರು. ಯಜಮಾನರಿಗೆ ತೆರಿಗೆ ಕಟ್ಟಿದ್ದಕ್ಕಿಂತ, ತಾವು ಸುಳ್ಳು ಲೆಕ್ಕ ಕೊಟ್ಟ ಹಾಗಾಯಿತಲ್ಲ ಅನ್ನುವುದೇ ಜಾಸ್ತಿ ನೋವಾಗಿತ್ತು.

ಮೊನ್ನೆ ಫೋನ್ ಮಾಡಿದ್ದರು. ಹೊಸ ಸೈಟಿನ ಮಾತುಕತೆ ನಡೆಯುತ್ತಿದೆಯಂತೆ, ಶಾಲೆಯಲ್ಲಿ ಇನ್ನೊಂದು ಕೋಣೆ ಸೋರುತ್ತಿದೆಯಂತೆ. "ಈ ಸಲ ಚೆಕ್ ನನ್ನ ಹೆಸರಿಗೇ ಬರೆಸಿಕೊಳ್ಳಲಾ ಸಾರ್?" ಅಂದರು. ಬರೆಸಿಕೊಳ್ಳಿ ಅಂದೆ.