ಯಾರೂ ಕೇಳದ ಕಾರಿಡಾರು

ಮೇಜಿನ ಮೇಲೆ ಮರದ ತುಂಡುಗಳಿವೆ. ಅವುಗಳ ಕೆಲವು ಬದಿಗೆ ಕೆಂಪು ಬಣ್ಣ, ಕೆಲವು ಬದಿಗೆ ನೀಲಿ. ಚೌಕಗಳ ಗೆರೆ ಹಾಕಿದ ಹಲಗೆಯ ಮೇಲೆ ಇವನ್ನು ಜೋಡಿಸಬೇಕು. ಸುತ್ತಲೂ ಹೊರಗಿನಿಂದ ನೋಡಿದರೆ ಆದಷ್ಟು ಜಾಸ್ತಿ ಕೆಂಪು ಕಾಣಬೇಕು. ಅಷ್ಟೇ ಆಗಿದ್ದರೆ ಮಕ್ಕಳಾಟ. ಆದರೆ ಗುಟ್ಟಿನ ನಿಯಮವೂ ಇದೆ. ಕೆಲವು ತುಂಡುಗಳ ಜೋಡಿ ನಡೆಯುತ್ತದೆ, ಕೆಲವು ನಡೆಯುವುದಿಲ್ಲ. ಯಾವುದು ನಡೆಯುತ್ತದೆ ಅಂತ ಯಾರೂ ಮೊದಲೇ ಹೇಳುವುದಿಲ್ಲ. ಜೋಡಿಸಿ ಕೇಳಿದರೆ ಸರಿಯೋ ತಪ್ಪೋ ಎಂಬುದಷ್ಟೇ ಗೊತ್ತಾಗುತ್ತದೆ.

ನೀವಾದರೆ ಹೇಗೆ ಶುರು ಮಾಡುತ್ತೀರಿ?

ಬ್ರಿಟನ್ನಿನ ಬ್ರಯನ್ ಲಾಸನ್ ಈ ಆಟವನ್ನು ಎರಡು ಗುಂಪುಗಳಿಗೆ ಕೊಟ್ಟರು. ಅವರು ಆರ್ಕಿಟೆಕ್ಟೂ ಹೌದು, ಮನಶ್ಶಾಸ್ತ್ರ ಓದಿದವರೂ ಹೌದು. ಒಂದು ಗುಂಪಿನಲ್ಲಿ ವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಕೊನೆಯ ವರ್ಷದ ಆರ್ಕಿಟೆಕ್ಚರ್ ವಿದ್ಯಾರ್ಥಿಗಳು. ವಿಜ್ಞಾನದವರು ಬಣ್ಣದ ಗೊಡವೆಗೇ ಹೋಗಲಿಲ್ಲ. ಬೇರೆ ಬೇರೆ ತುಂಡುಗಳನ್ನು ಬೇರೆ ಬೇರೆ ರೀತಿ ಜೋಡಿಸಿ, ಬೇಗ ಬೇಗ ಪರೀಕ್ಷಿಸುತ್ತಾ ಹೋದರು. ಮೊದಲು ಆ ಗುಟ್ಟಿನ ನಿಯಮ ಸಿಗಲಿ, ಕೆಂಪಿನ ವಿಷಯ ಆಮೇಲೆ ನೋಡೋಣ ಎಂಬ ಲೆಕ್ಕ. ಆರ್ಕಿಟೆಕ್ಚರ್‌ನವರು ನೇರವಾಗಿ ಕೆಂಪಿಗೇ ಕೈ ಹಾಕಿದರು. ಅತಿ ಹೆಚ್ಚು ಕೆಂಪಿರುವ ಜೋಡಣೆ ಮಾಡಿದರು. ತಪ್ಪು ಎಂದಾಗ ಒಂದೆರಡು ತುಂಡು ಬದಲಿಸಿ ಅದಕ್ಕಿಂತ ತುಸು ಕಡಿಮೆ ಕೆಂಪಿನದು ಮಾಡಿದರು. ಅದೂ ತಪ್ಪಾದರೆ ಮತ್ತೊಂದು. ನಿಯಮ ಏನೆಂದು ತಲೆ ಕೆಡಿಸಿಕೊಳ್ಳದೆ ಉತ್ತರಕ್ಕೆ ಉತ್ತರ ಇಡುತ್ತಾ ಹೋದರು.

1979ರಲ್ಲಿ ಪ್ರಕಟವಾದ ಈ ಪ್ರಯೋಗದ ನಿಜವಾದ ಸ್ವಾರಸ್ಯ ಮುಂದಿನ ಹಂತದಲ್ಲಿದೆ. ಕಾಲೇಜಿಗೆ ಆಗಷ್ಟೇ ಕಾಲಿಡುತ್ತಿದ್ದ ಹುಡುಗ ಹುಡುಗಿಯರಿಗೆ ಲಾಸನ್ ಅದೇ ಆಟ ಕೊಟ್ಟರು. ಅವರಲ್ಲಿ ಈ ಎರಡು ದಾರಿಗಳ ಸುಳಿವೇ ಇರಲಿಲ್ಲ. ಅಂದರೆ 'ಅವನು ಹುಟ್ಟಾ ಆರ್ಕಿಟೆಕ್ಟ್ ಕಣ್ರೀ' ಅನ್ನುವ ಮಾತಿಗೆ ಇಲ್ಲಿ ಜಾಗ ಕಡಿಮೆ. ಹೀಗೆ ಯೋಚಿಸುವುದನ್ನು ಆ ನಾಲ್ಕೈದು ವರ್ಷಗಳ ಓದೇ ಕಲಿಸಿರಬೇಕು.

ಮೇಲ್ನೋಟಕ್ಕೆ ವಿಜ್ಞಾನದವರ ದಾರಿಯೇ ಜಾಣತನದ್ದು ಅನ್ನಿಸುತ್ತದೆ, ಅಲ್ವಾ? ಮೊದಲು ಸಮಸ್ಯೆ ಪೂರ್ತಿ ಅರ್ಥವಾಗಲಿ, ಆಮೇಲೆ ಪರಿಹಾರ. ಇದನ್ನು ಕಟ್ಟಡಗಳಿಗೂ ಹಚ್ಚಿ ನೋಡಿದವರಿದ್ದಾರೆ. ಗಣಿತ ಓದಿ ಆರ್ಕಿಟೆಕ್ಚರಿಗೆ ಬಂದ ಕ್ರಿಸ್ಟಫರ್ ಅಲೆಕ್ಸಾಂಡರ್ ಗುಜರಾತಿನ ಹಳ್ಳಿಯೊಂದರಲ್ಲಿ ಉಳಿದು, 600 ಜನರ ಒಂದು ಹಳ್ಳಿಗೆ ಏನೇನು ಬೇಕು ಎಂದು ಪಟ್ಟಿ ಮಾಡಿದರು. 141 ಅಂಶಗಳ ಪಟ್ಟಿ. ಮನೆ ಬಾಗಿಲು ದಕ್ಷಿಣಕ್ಕೆ ಇರಬಾರದು ಎಂಬ ನಂಬಿಕೆಯೂ ಅದರಲ್ಲಿತ್ತು, ಶವಸಂಸ್ಕಾರವೂ ಇತ್ತು. ಯಾವ ಬೇಡಿಕೆ ಯಾವುದಕ್ಕೆ ಅಂಟಿಕೊಂಡಿದೆ ಎಂದು ಗುರುತಿಸಿ, ಗಣಿತದಿಂದ ಅವನ್ನು ಗುಂಪುಗಳಾಗಿ ಒಡೆದು, ಒಂದೊಂದು ಗುಂಪಿಗೂ ಒಂದೊಂದು ರೂಪ ಹುಡುಕುವ ಯೋಜನೆ. ಇದಕ್ಕೆ ಕಂಪ್ಯೂಟರನ್ನೂ ಬಳಸಿದರು. 1964ರಲ್ಲಿ ಇದು ಹೊರಬಂದಾಗ ದೊಡ್ಡ ಸದ್ದಾಯಿತು. ಕೆಲವೇ ವರ್ಷಗಳಲ್ಲಿ ಅಲೆಕ್ಸಾಂಡರ್ ತಾವೇ ಈ 'ವಿನ್ಯಾಸ ವಿಧಾನ'ಗಳ ಸಹವಾಸ ಬೇಡ ಎಂದು ಕೈ ತೊಳೆದುಕೊಂಡರು. ತಾನೇ ಕಟ್ಟಿದ ಪಂಥವನ್ನು ತಾನೇ ಬಿಟ್ಟುಬರುವುದಕ್ಕೆ ಧೈರ್ಯ ಬೇಕು. ನನಗೆ ಅವರ ಮೇಲಿನ ಗೌರವ ಹೆಚ್ಚಿದ್ದು ಅಲ್ಲೇ.

ಪಟ್ಟಿಯ ಕಷ್ಟ ಏನು ಅಂತ ನನಗೆ ತಿಳಿದದ್ದು ಸ್ವಂತ ಮನೆ ಕಟ್ಟಿಸುವಾಗ. ಮೂವತ್ತು ನಲವತ್ತರ ಸೈಟು. ಎರಡು ಬೆಡ್‌ರೂಮು, ಈಶಾನ್ಯಕ್ಕೆ ದೇವರಮನೆ, ಆಗ್ನೇಯಕ್ಕೆ ಅಡುಗೆಮನೆ, ಕಾರಿಗೆ ಜಾಗ ಎಂದು ನೀಟಾಗಿ ಬರೆದುಕೊಂಡು ಹೋಗಿದ್ದೆ. ಆರ್ಕಿಟೆಕ್ಟ್ ಅದನ್ನು ಓದಿ ಪಕ್ಕಕ್ಕಿಟ್ಟು, ಹತ್ತೇ ನಿಮಿಷದಲ್ಲಿ ಒಂದು ನಕ್ಷೆ ಗೀಚಿದರು. ಬೀದಿಯ ಕಡೆ ಪೂರ್ತಿ ಕಾರು, ಅದರ ಹಿಂದೆ ಮನೆ. ನೋಡಿದ ಕೂಡಲೇ ನನ್ನ ಬಾಯಿಂದ ಬಂತು: "ಹಾಗಾದ್ರೆ ಅಮ್ಮ ಸಂಜೆ ಎಲ್ಲಿ ಕೂರ್ತಾರೆ?" ಅಮ್ಮ ಸಂಜೆ ಬೀದಿ ನೋಡುತ್ತಾ ಕೂರುವ ವಿಷಯ ಪಟ್ಟಿಯಲ್ಲಿ ಇರಲೇ ಇಲ್ಲ. ಅದು ನನಗೆ ಬೇಕು ಎಂಬುದು ನನಗೇ ಗೊತ್ತಿರಲಿಲ್ಲ. ತಪ್ಪು ನಕ್ಷೆ ಕಣ್ಣ ಮುಂದೆ ಬಂದಾಗಲೇ ಗೊತ್ತಾಗಿದ್ದು.

ವಿನ್ಯಾಸ ಮತ್ತು ನಗರ ಯೋಜನೆಯ ವಿದ್ವಾಂಸರಾದ ಹಾರ್ಸ್ಟ್ ರಿಟೆಲ್ ಮತ್ತು ಮೆಲ್ವಿನ್ ವೆಬ್ಬರ್ 1973ರಲ್ಲಿ ಬರೆದದ್ದು ಸುಮಾರಾಗಿ ಇದನ್ನೇ. ಕೆಲವು ಸಮಸ್ಯೆಗಳು ಚದುರಂಗದ ಹಾಗಲ್ಲ, ಗಣಿತದ ಲೆಕ್ಕದ ಹಾಗೂ ಅಲ್ಲ. ಪರಿಹಾರ ಹೇಗಿರಬಹುದು ಎಂದು ಊಹಿಸದೆ ಅಲ್ಲಿ ಸಮಸ್ಯೆ ಏನೆಂದೇ ಹೇಳಲಾಗುವುದಿಲ್ಲ. ಹಾಗಾಗಿ ಆರ್ಕಿಟೆಕ್ಟ್ ಮೊದಲೇ ಒಂದು ಉತ್ತರ ಮುಂದಿಟ್ಟರೆ ಅದನ್ನು ಆತುರ ಅನ್ನಬೇಡಿ. ಅದು ಅವರು ಪ್ರಶ್ನೆ ಕೇಳುವ ರೀತಿ. ಜೇನ್ ಡಾರ್ಕ್ ಎಂಬ ಸಂಶೋಧಕಿ ಇಂಗ್ಲೆಂಡಿನಲ್ಲಿ ಸರಕಾರಿ ವಸತಿ ಕಟ್ಟಿದ ಆರ್ಕಿಟೆಕ್ಟರನ್ನು ಮಾತಾಡಿಸಿದಾಗಲೂ ಹೀಗೇ ಕಂಡಿತು. ಬೇಡಿಕೆಗಳೆಲ್ಲ ಸ್ಪಷ್ಟವಾಗುವ ಮೊದಲೇ ಅವರು ಒಂದು ಸರಳ ಕಲ್ಪನೆಯನ್ನು ಹಿಡಿದುಕೊಂಡಿರುತ್ತಿದ್ದರು. ಉಳಿದದ್ದೆಲ್ಲ ಅದರ ಸುತ್ತ ಬೆಳೆಯುತ್ತಿತ್ತು. ನಮ್ಮ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ವಿನ್ಯಾಸವನ್ನು ಮುಂದಿಟ್ಟುಕೊಂಡು ಪ್ರಶ್ನಿಸುವ ಜೂರಿಯಲ್ಲಿ ಮೇಷ್ಟ್ರು ಕೇಳುವ "ನಿನ್ನ ಕಾನ್ಸೆಪ್ಟ್ ಏನಮ್ಮಾ?" ಎಂಬ ಪ್ರಶ್ನೆ ಈ ಕಲ್ಪನೆಯ ಬೀಜದ ಬಗ್ಗೆಯೇ. ಎಷ್ಟೋ ಹುಡುಗರು ಕಟ್ಟಡ ಮುಗಿಸಿ, ಜೂರಿಯ ಹಿಂದಿನ ರಾತ್ರಿ ಕಾನ್ಸೆಪ್ಟ್ ಹೊಸೆಯುತ್ತಾರೆ ಅನ್ನುವುದು ಬೇರೆ ಮಾತು.

ಆರ್ಕಿಟೆಕ್ಚರ್ ಕಾಲೇಜಿನ ವಿನ್ಯಾಸದ ತರಗತಿಯಲ್ಲಿ, ಅಂದರೆ ಸ್ಟುಡಿಯೋದಲ್ಲಿ, ಇದನ್ನು ಹೇಗೆ ಕಲಿಸುತ್ತಾರೆ? ಅಮೆರಿಕದ ಎಂಐಟಿಯ ಡೊನಾಲ್ಡ್ ಶಾನ್ 1983ರಲ್ಲಿ ಒಂದು ಪ್ರಸಂಗವನ್ನು ವಿವರವಾಗಿ ಬಿಡಿಸಿಟ್ಟರು. ವಿದ್ಯಾರ್ಥಿನಿಗೆ ಪೆಟ್ರಾ, ಮೇಷ್ಟ್ರಿಗೆ ಕ್ವಿಸ್ಟ್ ಎಂದು ಹೆಸರು ಬದಲಿಸಿದ್ದಾರೆ. ಪೆಟ್ರಾ ಇಳಿಜಾರು ಜಾಗದಲ್ಲಿ ಪ್ರಾಥಮಿಕ ಶಾಲೆ ವಿನ್ಯಾಸ ಮಾಡುತ್ತಿದ್ದಾಳೆ. ಕಟ್ಟಡದ ಆಕಾರವನ್ನು ನೆಲದ ಏರಿಳಿತಕ್ಕೆ ಹೊಂದಿಸಲು ಹೋಗಿ ಸಿಕ್ಕಿಹಾಕಿಕೊಂಡಿದ್ದಾಳೆ. ಕ್ವಿಸ್ಟ್ ಅವಳ ಹಾಳೆಯ ಮೇಲೆ ಇನ್ನೊಂದು ಹಾಳೆ ಹಾಸಿ ಗೆರೆ ಎಳೆಯುತ್ತಾ ಮಾತಾಡುತ್ತಾರೆ. ನೆಲ ವಕ್ರವಾಗಿದೆ, ನೀನೇ ಒಂದು ಶಿಸ್ತನ್ನು ಹೇರು, ಆಮೇಲೆ ಬೇಕಾದರೆ ಮುರಿ ಎಂಬುದು ಅವರ ಸಲಹೆ. ತರಗತಿಗಳನ್ನು ಇಳಿಜಾರಿನಲ್ಲಿ ಮೆಟ್ಟಿಲಂತೆ ಇಳಿಸಿದಾಗ ಹಂತ ಹಂತದ ನಡುವೆ ಸುಮಾರು 5 ಅಡಿ ಅಂತರ ಬರುತ್ತದೆ. ಐದಡಿ ಅಂದರೆ ಅಲ್ಲಿನ ಮಕ್ಕಳ ಗರಿಷ್ಠ ಎತ್ತರ. ಆಹಾ, ಅಲ್ಲಿ ಮಕ್ಕಳು ತೂರಿಕೊಂಡು ಕೂರುವ ಮೂಲೆಗಳಾಗುತ್ತವಲ್ಲ! ಹೀಗೆ ಗೆರೆ ಬೆಳೆಯುತ್ತಾ ಹೋದಂತೆ ಒಂದು ಓಡಾಡುವ ಮೊಗಸಾಲೆಯೂ ಹುಟ್ಟುತ್ತದೆ. ಮೊದಲು ಅದು ಚಿಲ್ಲರೆ ಸಂಗತಿ. ಕೊನೆಗೆ ಇಡೀ ಯೋಜನೆಯ ಮುಖ್ಯ ಅಂಗವೇ ಅದಾಗುತ್ತದೆ. ಯಾರೂ ಕೇಳಿರಲಿಲ್ಲ. ಗೆರೆಗಳು ಕೊಟ್ಟವು, ಮೇಷ್ಟ್ರು ಕಂಡರು.

ಕಾಣುವುದಕ್ಕೂ ಅಭ್ಯಾಸ ಬೇಕು. ಮಸಾಕಿ ಸುವಾ ಮತ್ತು ಬಾರ್ಬರಾ ಟ್ವೆರ್ಸ್ಕಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅನುಭವಿ ಆರ್ಕಿಟೆಕ್ಟರಿಗೂ ವಿದ್ಯಾರ್ಥಿಗಳಿಗೂ ಕಲಾ ಮ್ಯೂಸಿಯಂ ಒಂದರ ವಿನ್ಯಾಸ ಕೊಟ್ಟು, ಗೀಚುವುದನ್ನೆಲ್ಲ ವಿಡಿಯೋ ಮಾಡಿದರು. ಆಮೇಲೆ ಅದನ್ನು ಅವರಿಗೇ ತೋರಿಸಿ, ಆಗ ಏನು ಯೋಚಿಸುತ್ತಿದ್ದಿರಿ ಎಂದು ಕೇಳಿದರು. ಆಕಾರಗಳನ್ನು ಇಬ್ಬರೂ ನೋಡಿದ್ದರು. ಆದರೆ ಗೆರೆಗಳಿಂದ ಬಳಕೆಯ ಸಂಗತಿಗಳನ್ನು ಓದಿಕೊಳ್ಳುವುದರಲ್ಲಿ ಅನುಭವಿಗಳದ್ದು ಮೇಲುಗೈ. ನನಗೆ ಇದು ಸಂಗೀತಗಾರರು ಸ್ವರಲಿಪಿ ನೋಡಿದ ಹಾಗೆ ಅನ್ನಿಸಿತು. ನಮಗೆ ಬರೀ ಅಕ್ಷರ, ಅವರಿಗೆ ರಾಗ.

ಮೊಗಸಾಲೆ ಅಂದಾಗ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ನೆನಪಾಗದೆ ಇರುವುದಿಲ್ಲ. ಒಂದು ಜನಪ್ರಿಯ ಹಿಂದಿ ಸಿನಿಮಾದಲ್ಲಿ ಎಂಜಿನಿಯರಿಂಗ್ ಕಾಲೇಜಿನ ವೇಷ ಹಾಕಿದ್ದು ಇದೇ ಕಲ್ಲಿನ ಕಟ್ಟಡ. ವಿನ್ಯಾಸ ಬಾಲಕೃಷ್ಣ ದೋಶಿಯವರದು. ಆರ್ಕಿಟೆಕ್ಚರಿನ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿಯನ್ನು 2018ರಲ್ಲಿ ಪಡೆದ ದೋಶಿ ಆ ಗೌರವಕ್ಕೆ ಪಾತ್ರರಾದ ಮೊದಲ ಭಾರತೀಯ. ಅಹಮದಾಬಾದಿನ ಐಐಎಂಗಾಗಿ ಅವರು ಅಮೆರಿಕದ ಆರ್ಕಿಟೆಕ್ಟ್ ಲೂಯಿ ಕಾನ್ ಜೊತೆ ಕೆಲಸ ಮಾಡಿದ್ದವರು. ಅಲ್ಲಿನ ಇಟ್ಟಿಗೆಯ ಕಟ್ಟಡವನ್ನೇ ಇಲ್ಲೂ ಎಬ್ಬಿಸಬಹುದಿತ್ತು. ಮಾಡಲಿಲ್ಲ. ಅವರ ತಲೆಯಲ್ಲಿದ್ದ ಬೀಜ ಅಕ್ಬರನ ಫತೇಪುರ್ ಸಿಕ್ರಿ: ಅಂಗಳದಿಂದ ಅಂಗಳಕ್ಕೆ ನಡೆದುಕೊಂಡು ಹೋಗುವ ಊರು. ಬೆಂಗಳೂರಿನ ಹವೆ ತಂಪು, ಹೊರಗೆ ಕೂತು ಮಾತಾಡಬಹುದು. ಹೀಗೆ ಇಲ್ಲಿ ಕಾರಿಡಾರೇ ಕಟ್ಟಡವಾಯಿತು. ಕೆಲವೆಡೆ ಮೂರು ಅಂತಸ್ತಿನೆತ್ತರ, ಕೆಲವೆಡೆ ಮೇಲೆ ಸೂರು, ಕೆಲವೆಡೆ ಬರೀ ಜಂತಿಗಳು, ಅವುಗಳ ನಡುವಿನಿಂದ ಇಳಿಯುವ ಬಿಸಿಲು. ಕಲಿಕೆ ತರಗತಿಯ ಆಚೆಯೂ ನಡೆಯುತ್ತದೆ ಎಂಬುದು ದೋಶಿಯವರ ನಂಬಿಕೆ. ನಾನು ನೀವು ಪಟ್ಟಿ ಬರೆದಿದ್ದರೆ ಕಾರಿಡಾರು ಕೊನೆಯ ಸಾಲಿನಲ್ಲಿ ಇರುತ್ತಿತ್ತು. ಅಗಲ ಆರಡಿ ಸಾಕು ಅಂತಲೂ ಬರೆದಿರುತ್ತಿದ್ದೆವು.

ಬೀಜ ಕೈ ಹಿಡಿಯುವ ಹಾಗೆ ಕಾಲನ್ನೂ ಕಟ್ಟಿಹಾಕಬಹುದು. 1991ರಲ್ಲಿ ಡೇವಿಡ್ ಜಾನ್ಸನ್ ಮತ್ತು ಸ್ಟೀವನ್ ಸ್ಮಿತ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕಾಫಿ ಚೆಲ್ಲದ ಲೋಟ ವಿನ್ಯಾಸ ಮಾಡಲು ಹೇಳಿದರು. ಕೆಲವರಿಗೆ ಸ್ಟ್ರಾ ಇದ್ದ ಒಂದು ಮಾದರಿ ತೋರಿಸಿ, ಸ್ಟ್ರಾ ಬೇಡ ಎಂದೂ ಹೇಳಿದರು. ಆದರೂ ಆ ಮಾದರಿ ನೋಡಿದವರ ಚಿತ್ರಗಳಲ್ಲೇ ಸ್ಟ್ರಾ ಜಾಸ್ತಿ ನುಸುಳಿತು. ಒಮ್ಮೆ ಕಂಡದ್ದು ಸುಮ್ನೆ ಬಿಟ್ಟುಹೋಗುವುದಿಲ್ಲ. ಆರ್ಕಿಟೆಕ್ಟರಿಗೂ ಈ ಕಾಟ ತಪ್ಪಿದ್ದಲ್ಲ. ಮೊದಲ ಐಡಿಯಾ ಮೇಲೆ ಮೋಹ ಬಂದರೆ ಬಿಡಿಸಿಕೊಳ್ಳುವುದು ಕಷ್ಟ. ಬಟರ್ ಪೇಪರ್ ಒದಗುವುದು ಆಗಲೇ. ಹಳೆಯ ನಕ್ಷೆಯ ಮೇಲೆ ಹೊಸ ಹಾಳೆ ಹಾಸಿದರೆ ಕೆಳಗಿನ ಗೆರೆ ಮಸುಕಾಗಿ ಕಾಣುತ್ತಿರುತ್ತದೆ. ಬೇಕಾದ್ದನ್ನು ಮೇಲಕ್ಕೆ ಎಳೆದುಕೊಳ್ಳುತ್ತಾರೆ, ಬೇಡದ್ದನ್ನು ಕೆಳಗೇ ಬಿಡುತ್ತಾರೆ.

ನಮ್ಮ ಮನೆಗೆ ಹಾಗೆ ಒಂದರ ಮೇಲೊಂದು ಹನ್ನೊಂದು ಹಾಳೆಗಳಾದವು. ಮೂರನೆಯದರಲ್ಲಿ ಬೀದಿಗೆ ಒಂದು ಜಗಲಿ ಬಂತು. ಐದರಲ್ಲಿ ಅದು ಕುಗ್ಗಿತು, ಆರರಲ್ಲಿ ಮತ್ತೆ ಹಿಗ್ಗಿತು. ಏಳನೆಯ ಹಾಳೆಯಲ್ಲಿ ಕಾರು ಕೆಳಗೇ ಉಳಿಯಿತು. ಈಗ ಅದು ಬೀದಿಯಲ್ಲಿ, ಪಕ್ಕದ ಮನೆಯವರ ಹೊಂಗೆ ಮರದ ಕೆಳಗೆ ನಿಲ್ಲುತ್ತದೆ.